ಬಾರದವರ ದುಡ್ಡಿನ ವ್ಯಾಪಾರ

‘ಎಷ್ಟು ಬೇಕಾದರೂ’ ಎಂಬ ಮಾತು ನಮ್ಮ ಕಡೆಯವರಿಗೆ ಹೊಸದೇನಲ್ಲ. ಬಂಗಾರಪೇಟೆಯ ಹೋಟೆಲಿಗೆ ಹೋದರೆ ಪ್ಲೇಟ್ ಮೀಲ್ಸ್ ಬೇರೆ, ಫುಲ್ ಮೀಲ್ಸ್ ಬೇರೆ. ಎರಡನೆಯದಕ್ಕೆ ಹತ್ತಿಪ್ಪತ್ತು ರೂಪಾಯಿ ಹೆಚ್ಚು ಕೊಟ್ಟರೆ ಅನ್ನ, ಸಾರು ಕೇಳಿದಷ್ಟು ಸಿಗುತ್ತದೆ. ಕೂಲಿ ಕೆಲಸ ಮಾಡಿ ಬಂದವನು ಮೂರು ಸಲ ಬಡಿಸಿಕೊಳ್ಳುತ್ತಾನೆ, ಸಕ್ಕರೆ ಕಾಯಿಲೆಯ ಮೇಷ್ಟ್ರು ಒಂದೇ ಸಲಕ್ಕೆ ಏಳುತ್ತಾರೆ. ಮಾಲೀಕ ಇಬ್ಬರಿಂದಲೂ ಒಂದೇ ದರ ಪಡೆಯುತ್ತಾನೆ. ಹೊಟ್ಟೆಗೊಂದು ಮಿತಿ ಇದೆ ಎಂಬ ಧೈರ್ಯ ಅವನದು.

ಇನ್ನೊಂದು ಉದಾಹರಣೆ ರೈಲಿನ ಪಾಸು. 2001ರ ಫೆಬ್ರವರಿ 28ರಂದು ಕೋಲಾರದ ಚಿನ್ನದ ಗಣಿ ಮುಚ್ಚಿದ ಮೇಲೆ ಕೆ.ಜಿ.ಎಫ್.ನ ಸಾವಿರಾರು ಮಂದಿಗೆ ಬೆಂಗಳೂರೇ ಅನ್ನದ ಊರಾಯಿತು. ಗಣಿಗಾಗಿ 1894ರಲ್ಲಿ ಹಾಕಿದ ಹಳಿಯ ಮೇಲೆ ಈಗ ಕೆಲಸಗಾರರನ್ನು ಹೊತ್ತ ರೈಲುಗಳು ಮಾರಿಕುಪ್ಪಂನಿಂದ ಹೊರಡುತ್ತವೆ. ಕ್ಯಾಸಂಬಳ್ಳಿ ಸುತ್ತಿನವರೂ ಅವುಗಳನ್ನೇ ನೆಚ್ಚಿಕೊಂಡಿದ್ದಾರೆ. (ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿ ಕೆ.ಸಿ. ರೆಡ್ಡಿಯವರ ಹೆಸರಿನ ‘ಕೆ’ ಈ ಕ್ಯಾಸಂಬಳ್ಳಿಯೇ.) ತಿಂಗಳ ಪಾಸಿಗೆ ಒಮ್ಮೆ ದುಡ್ಡು ಕಟ್ಟಿದರೆ ಆ ತಿಂಗಳಲ್ಲಿ ಎಷ್ಟು ಸಲ ಓಡಾಡಿದರೂ ಯಾರೂ ಕೇಳುವುದಿಲ್ಲ. ದಿನವೂ ಟಿಕೆಟ್ ಕೊಳ್ಳುವುದಕ್ಕಿಂತ ಇದು ಬಹಳ ಅಗ್ಗ. ಒಬ್ಬ ಹೆಚ್ಚು ಹತ್ತಿದರೂ ಇಳಿದರೂ ರೈಲಂತೂ ಹೋಗಿಯೇ ಹೋಗುತ್ತದೆ. ಆದ್ದರಿಂದ ಪಾಸಿನವನು ದಿನವೂ ಬರುತ್ತಾನಲ್ಲ ಎಂದು ರೈಲ್ವೆಯವರು ಕರುಬಬೇಕಾಗಿಲ್ಲ.

ಇದೇ ಮಾತನ್ನು ಸಿನಿಮಾ ಟಿಕೆಟ್ಟಿಗೆ ಅನ್ವಯಿಸಹೊರಟ ಅಮೆರಿಕದ ಒಂದು ಕಂಪೆನಿಯ ಕತೆ ನೀತಿಯ ಬಗ್ಗೆ ಯೋಚಿಸುವವರಿಗೆ ಒಳ್ಳೆಯ ಪಾಠ. ಸಿನಿಮಾ ನೋಡುವುದು ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ, ಅದನ್ನು ನಾನಿಲ್ಲಿ ಎತ್ತಿಕೊಳ್ಳುವುದಿಲ್ಲ. ನನ್ನ ಪ್ರಶ್ನೆ ಮಾರಾಟದ್ದು. 2011ರಲ್ಲಿ ಹುಟ್ಟಿದ ‘ಮೂವಿಪಾಸ್’ ಎಂಬ ಆ ಕಂಪೆನಿ 2017ರ ಆಗಸ್ಟ್‌ನಲ್ಲಿ ತನ್ನ ದರವನ್ನು ತಿಂಗಳಿಗೆ 9.95 ಡಾಲರಿಗೆ ಇಳಿಸಿತು. ಅಷ್ಟಕ್ಕೆ ದಿನಕ್ಕೊಂದು ಸಿನಿಮಾ ನೋಡಬಹುದು. ಆಗ ಅಮೆರಿಕದಲ್ಲಿ ಒಂದು ಟಿಕೆಟ್ಟಿನ ಸರಾಸರಿ ಬೆಲೆಯೇ ಸುಮಾರು 9 ಡಾಲರ್. ಮೂವಿಪಾಸಿಗೆ ಸ್ವಂತ ಚಿತ್ರಮಂದಿರ ಒಂದೂ ಇರಲಿಲ್ಲ. ಚಂದಾದಾರ ಸಿನಿಮಾಕ್ಕೆ ಹೋದಾಗಲೆಲ್ಲ ಅದು ಚಿತ್ರಮಂದಿರಕ್ಕೆ ಪೂರ್ತಿ ಬೆಲೆ ತೆರುತ್ತಿತ್ತು. ತಿಂಗಳಿಗೆ ಎರಡು ಸಿನಿಮಾ ನೋಡಿದವನೂ ಅದಕ್ಕೆ ನಷ್ಟದ ಗಿರಾಕಿಯೇ. ಲಾಭ ಬರಬೇಕಾದರೆ ಬಹಳಷ್ಟು ಜನ ದುಡ್ಡು ಕಟ್ಟಿ ಮರೆತುಬಿಡಬೇಕು.

ಜನ ಮರೆಯಲಿಲ್ಲ. 2018ರ ಜೂನ್ ಹೊತ್ತಿಗೆ ಚಂದಾದಾರರು 30 ಲಕ್ಷ ದಾಟಿದರು. ಜುಲೈ ಕೊನೆಯಲ್ಲಿ ಕೈಯಲ್ಲಿ ಕಾಸಿಲ್ಲದೆ ಸೇವೆಯೇ ನಿಂತು, 50 ಲಕ್ಷ ಡಾಲರ್ ತುರ್ತು ಸಾಲ ತಂದು ಮತ್ತೆ ಬಾಗಿಲು ತೆರೆಯಬೇಕಾಯಿತು. ಅದೇ ವಾರ ಬಿಡುಗಡೆಯಾದ ‘ಮಿಷನ್ ಇಂಪಾಸಿಬಲ್’ ಸರಣಿಯ ಹೊಸ ಚಿತ್ರಕ್ಕೆ ಚಂದಾದಾರರಿಗೆ ಟಿಕೆಟ್ಟೇ ಸಿಗಲಿಲ್ಲ. 2022ರ ಏಪ್ರಿಲ್ 14ರಂದು ‘ಕೆ.ಜಿ.ಎಫ್.’ ಎರಡನೆಯ ಭಾಗ ತೆರೆಕಂಡ ದಿನ ನಮ್ಮವರ ಕೈಯಲ್ಲಿ ಅಂಥದೊಂದು ಪಾಸಿದ್ದು, ಅವತ್ತೇ ಅದು ನಡೆಯದಿದ್ದರೆ ಹೇಗಾಗುತ್ತಿತ್ತೆಂದು ಊಹಿಸಿಕೊಂಡರೆ ಸಾಕು.

ಮೂವಿಪಾಸ್ 2019ರ ಸೆಪ್ಟೆಂಬರ್ 14ರಂದು ಮುಚ್ಚಿತು, 2020ರ ಜನವರಿಯಲ್ಲಿ ಅದರ ಒಡೆತನದ ಕಂಪೆನಿ ದಿವಾಳಿಯಾಯಿತು. ಲೆಕ್ಕ ತಪ್ಪಿ ಮುಳುಗಿದವರ ಮೇಲೆ ನನಗೆ ಕೋಪವಿಲ್ಲ, ವ್ಯಾಪಾರವೆಂದ ಮೇಲೆ ನಷ್ಟವೂ ಇರುತ್ತದೆ. ಆದರೆ ಮುಳುಗುವ ಮುಂಚೆ ಅವರು ಮಾಡಿದ್ದೇನು? ಅಮೆರಿಕದ ಗ್ರಾಹಕ ರಕ್ಷಣೆಯ ಹೊಣೆ ಹೊತ್ತ ಫೆಡರಲ್ ಟ್ರೇಡ್ ಕಮಿಷನ್ 2021ರಲ್ಲಿ ಮಾಡಿದ ಆರೋಪದ ಪ್ರಕಾರ, ಅತಿ ಹೆಚ್ಚು ಸಿನಿಮಾ ನೋಡುತ್ತಿದ್ದ 75,000 ಚಂದಾದಾರರ ಪಾಸ್‌ವರ್ಡ್‌ಗಳನ್ನು ಕಂಪೆನಿಯೇ ರದ್ದು ಮಾಡಿ, ‘ನಿಮ್ಮ ಖಾತೆಯಲ್ಲಿ ಸಂಶಯಾಸ್ಪದ ಚಟುವಟಿಕೆ ಕಂಡಿದೆ’ ಎಂದು ನೆಪ ಹೇಳಿತ್ತು. ಹೆಚ್ಚು ತಿಂದವನ ಎಲೆಯನ್ನು ಊಟದ ನಡುವೆಯೇ ಎತ್ತಿ, ‘ನೀನು ಕಳ್ಳನಿರಬಹುದು’ ಎಂದ ಹಾಗೆ! ಕಂಪೆನಿಯನ್ನು ನಡೆಸುತ್ತಿದ್ದ ಮಿಚ್ ಲೋ ಮತ್ತು ಟೆಡ್ ಫಾರ್ನ್ಸ್‌ವರ್ತ್ ಮೇಲೆ 2022ರಲ್ಲಿ ಹೂಡಿಕೆದಾರರನ್ನು ವಂಚಿಸಿದ ಮೊಕದ್ದಮೆ ದಾಖಲಾಯಿತು. 9.95 ಡಾಲರಿನ ದರ ಉಳಿಯುವಂಥದ್ದಲ್ಲ, ಷೇರಿನ ಬೆಲೆ ಏರಿಸುವ ತಂತ್ರ ಮಾತ್ರ ಎಂದು ಅವರಿಗೆ ತಿಳಿದಿತ್ತೆಂಬುದೇ ಆರೋಪ. ಲೋ 2024ರಲ್ಲಿ, ಫಾರ್ನ್ಸ್‌ವರ್ತ್ 2025ರಲ್ಲಿ ತಪ್ಪೊಪ್ಪಿಕೊಂಡರು.

ಇಸ್ಲಾಮಿನ ವ್ಯಾಪಾರ ನೀತಿಯಲ್ಲಿ ‘ಗರರ್’ ಎಂಬ ಪದವಿದೆ. ಏನನ್ನು, ಎಷ್ಟನ್ನು ಕೊಡುತ್ತೇವೆ, ಪಡೆಯುತ್ತೇವೆ ಎಂದು ಖಚಿತವಿಲ್ಲದ ಮಾರಾಟ ಅದು. ಪ್ರವಾದಿ(ಸ)ರು ಇಂತಹ ವ್ಯಾಪಾರವನ್ನು ನಿಷೇಧಿಸಿದ್ದು ಸಹೀಹ್ ಮುಸ್ಲಿಮ್‌ನಲ್ಲಿ ವರದಿಯಾಗಿದೆ. 2014ರಲ್ಲಿ ಸೌದಿಯ ವಿದ್ವಾಂಸ ಸಾಲಿಹ್ ಅಲ್ ಫೌಝಾನ್, ತಿನ್ನುವ ಪ್ರಮಾಣ ಗೊತ್ತಿಲ್ಲದ ಬಫೆ ಊಟದ ಮಾರಾಟ ಸಲ್ಲದು ಎಂದಾಗ ಬಹಳ ಮಂದಿ ನಕ್ಕರು. ತೀರ್ಪು ಒಪ್ಪಿಗೆಯಾಗದಿರಬಹುದು, ಆದರೆ ಪ್ರಶ್ನೆ ನಗುವಂಥದ್ದಲ್ಲ. ಅದು ಹಳೆಯ ಪ್ರಶ್ನೆ, ಅದಕ್ಕೊಂದು ಹಳೆಯ ಉತ್ತರವೂ ಇದೆ. ಹದಿಮೂರನೆಯ ಶತಮಾನದ ಇಮಾಮ್ ನವವಿ(ರ) ಈ ಹದೀಸನ್ನು ವಿವರಿಸುತ್ತಾ ಎರಡು ಉದಾಹರಣೆ ಕೊಡುತ್ತಾರೆ. ಒಂದು, ಹಮ್ಮಾಮ್ ಅಂದರೆ ಸಾರ್ವಜನಿಕ ಸ್ನಾನಗೃಹ. ಒಬ್ಬ ಹೆಚ್ಚು ನೀರು ಸುರಿದುಕೊಳ್ಳುತ್ತಾನೆ, ಇನ್ನೊಬ್ಬ ಬೇಗ ಹೊರಡುತ್ತಾನೆ, ಆದರೂ ಎಲ್ಲರಿಗೂ ಒಂದೇ ಶುಲ್ಕ. ಇನ್ನೊಂದು, ನೀರು ಮಾರುವವನ ಚರ್ಮದ ಚೀಲ. ದುಡ್ಡು ಕೊಟ್ಟು ಕುಡಿಯುವವನ ದಾಹ ಎಷ್ಟೆಂದು ಯಾರೂ ಅಳೆಯುವುದಿಲ್ಲ. ಇವೆರಡೂ ಸಮ್ಮತವೆಂದು ವಿದ್ವಾಂಸರು ಒಪ್ಪಿದ್ದಾರೆ ಎನ್ನುತ್ತಾರೆ ಅವರು. ಅನಿಶ್ಚಿತತೆ ಅಲ್ಪವಾಗಿದ್ದು ಜನರ ಅಗತ್ಯ ದೊಡ್ಡದಾಗಿದ್ದರೆ ಅದು ಕ್ಷಮ್ಯ.

ಈ ಉದಾಹರಣೆಗಳಲ್ಲಿ ಅಲ್ಪ ಅನಿಶ್ಚಿತತೆಯ ಜೊತೆಗೆ ಇನ್ನೊಂದು ಸಂಗತಿಯೂ ಇದೆಯೆಂದು ನನಗನ್ನಿಸುತ್ತದೆ. ಹಮ್ಮಾಮಿನವನ ಬಳಿ ನೀರೂ ಇದೆ, ಕಾಯಿಸಲು ಸೌದೆಯೂ ಇದೆ. ಗಿರಾಕಿ ಬಂದರೆ ಅವನಿಗೆ ಸಂತೋಷ. ಫುಲ್ ಮೀಲ್ಸಿನ ಮಾಲೀಕನಿಗೂ ಅಷ್ಟೆ. ಆದರೆ ಮೂವಿಪಾಸಿನವನು ಮಾರಿದ್ದು ತನ್ನದಲ್ಲದ ಕುರ್ಚಿಯನ್ನು. ಕೊಂಡವನು ಬಂದರೆ ಅವನಿಗೆ ದುಃಖ. ‘ಎಷ್ಟು ಬೇಕಾದರೂ ಬನ್ನಿ’ ಎಂದು ಬಾಯಲ್ಲಿ ಕರೆಯುತ್ತಾ, ಬಾರದಿರಲಿ ಎಂದು ಮನಸ್ಸಿನಲ್ಲಿ ಹಾರೈಸುವ ವ್ಯಾಪಾರ ಅದು. 75,000 ಜನರ ಪಾಸ್‌ವರ್ಡ್ ರದ್ದಾದದ್ದು ಆ ಹಾರೈಕೆಯ ಮುಂದುವರಿಕೆಯೇ ಹೊರತು ಆಕಸ್ಮಿಕವಲ್ಲ. ಕುರ್‌ಆನಿನ 83ನೆಯ ಅಧ್ಯಾಯಕ್ಕೆ ಅಳತೆಯಲ್ಲಿ ವಂಚಿಸುವವರದೇ ಹೆಸರಿದೆ. ಸೇರಿನ ತಳದಲ್ಲಿ ಮೇಣ ಅಂಟಿಸುವುದು ಮಾತ್ರ ಅಂತಹ ವಂಚನೆಯಲ್ಲ, ಅಳತೆಯೇ ಇಲ್ಲವೆಂದು ಹೇಳಿ ಗುಟ್ಟಾಗಿ ಅಳೆಯುವುದೂ ಅದರ ಲೆಕ್ಕಕ್ಕೇ ಸೇರಬೇಕು.

ವಿಮೆಯವರೂ ಹಾಗೆಯೇ ಅಲ್ಲವೇ, ಪರಿಹಾರ ಕೇಳಲು ಯಾರೂ ಬಾರದಿರಲಿ ಎಂದು ಅವರೂ ಬಯಸುತ್ತಾರಲ್ಲ ಎಂದು ಯಾರಾದರೂ ಕೇಳಬಹುದು. ವಿಮೆಯ ಬಗ್ಗೆ ನಮ್ಮಲ್ಲಿ ಬೇರೆ ಆಕ್ಷೇಪಗಳಿವೆ. ಆದರೆ ಅಲ್ಲಿ ಕೊಳ್ಳುವವನೂ ತನ್ನ ಅಂಗಡಿಗೆ ಬೆಂಕಿ ಬೀಳದಿರಲಿ ಎಂದೇ ಬಯಸುತ್ತಾನೆ, ಇಬ್ಬರ ಬಯಕೆಯೂ ಒಂದೇ. ಸಿನಿಮಾ ಪಾಸು ಕೊಂಡವನು ಹೋಗಬೇಕೆಂದೇ ಕೊಂಡಿರುತ್ತಾನೆ.

ಹಾಗಾದರೆ ದಿನವೂ ಹೋಗಿ ಕಂಪೆನಿಯನ್ನು ಮುಳುಗಿಸಿದ ಚಂದಾದಾರನದು ತಪ್ಪೇ? ಅಲ್ಲವೆಂದೇ ನನ್ನ ಅಭಿಪ್ರಾಯ. ಕೊಟ್ಟ ಮಾತನ್ನು ನಂಬಿದ್ದು ತಪ್ಪಾಗಲಾರದು. ಪಾಸನ್ನು ನೆಂಟರಿಗೆಲ್ಲ ಹಂಚಿದ್ದರೆ ಮಾತು ಬೇರೆ. ಇನ್ನು ‘ದುಡ್ಡು ವಸೂಲಾಗಲಿ’ ಎಂದು ಬೇಡದ ಸಿನಿಮಾಕ್ಕೂ ಹೋಗಿ ಕೂರುವವನು ಇದ್ದಾನಲ್ಲ, ಅವನು ನಷ್ಟ ಮಾಡಿಕೊಳ್ಳುವುದು ಸಮಯವನ್ನು. ಅದರ ಲೆಕ್ಕ ಅವನೇ ಒಪ್ಪಿಸಬೇಕು.

ಮಿತಿಯಿಲ್ಲದ ಪಾಸೆಲ್ಲ ಮೋಸವೆಂದು ಇದರರ್ಥವಲ್ಲ. ಫ್ರಾನ್ಸಿನ ಯುಜಿಸಿ ಎಂಬ ಚಿತ್ರಮಂದಿರ ಸಂಸ್ಥೆ 2000ದಲ್ಲಿ ಆರಂಭಿಸಿದ ಇಂತಹ ಕಾರ್ಡು ದಶಕಗಳ ಕಾಲ ಬಾಳಿದೆ. ಅಲ್ಲಿ ಕುರ್ಚಿ ಅವರದೇ. ಸಿನಿಮಾ ಹೇಗೂ ಓಡುತ್ತಿರುತ್ತದೆ, ಖಾಲಿ ಕುರ್ಚಿಯಲ್ಲಿ ಒಬ್ಬ ಕೂತರೆ ಹೋಗುವುದೇನಿಲ್ಲ, ಬದಲಿಗೆ ಕ್ಯಾಂಟೀನಿಗೆ ವ್ಯಾಪಾರ. ಆಗಲೂ ಸಣ್ಣ ಚಿತ್ರಮಂದಿರಗಳವರು, ನಿರ್ಮಾಪಕರು ಪ್ರತಿಭಟಿಸಿದರು. ಪಾಸಿನವನು ಒಂದು ಸಿನಿಮಾಕ್ಕೆ ಕೊಟ್ಟದ್ದೆಷ್ಟು, ಅದರಲ್ಲಿ ನಮ್ಮ ಪಾಲೆಷ್ಟು ಎಂಬುದು ಅವರ ಪ್ರಶ್ನೆ. 2001ರಲ್ಲಿ ಫ್ರೆಂಚ್ ಸರಕಾರ ಕಾನೂನು ಮಾಡಿ, ಇಂತಹ ಕಾರ್ಡಿಗೆ ಮುಂಚಿತ ಅನುಮತಿ ಬೇಕು, ಚಿತ್ರದವರ ಪಾಲನ್ನು ನಿಗದಿತ ದರದ ಮೇಲೆ ಲೆಕ್ಕ ಹಾಕಬೇಕು, ಸಣ್ಣ ಚಿತ್ರಮಂದಿರಗಳಿಗೂ ಸೇರುವ ದಾರಿ ಇರಬೇಕು ಎಂದಿತು. ಪಾಸು ಮಾರುವವನು ಮತ್ತು ಕೊಳ್ಳುವವನು ಕೈಕುಲುಕುವಾಗ ಅಲ್ಲಿಲ್ಲದ ಮೂರನೆಯವನ ಹಕ್ಕನ್ನು ನೆನಪಿಟ್ಟ ಕಾನೂನದು.

ನಮ್ಮ ದೇಶದಲ್ಲಿ ಪಿವಿಆರ್ ಐನಾಕ್ಸ್ 2023ರ ಅಕ್ಟೋಬರಿನಲ್ಲಿ ‘ಪಾಸ್‌ಪೋರ್ಟ್’ ಎಂಬ ಯೋಜನೆ ತಂದಿತು. ಆಗ ತಿಂಗಳಿಗೆ 699 ರೂಪಾಯಿ, 10 ಸಿನಿಮಾ. ‘ಮಿತಿಯಿಲ್ಲ’ ಎನ್ನದೆ ಹತ್ತು ಎಂದು ಬಾಯಿಬಿಟ್ಟು ಹೇಳಿದ್ದು ಮೆಚ್ಚತಕ್ಕದ್ದೇ, ಕುರ್ಚಿಗಳೂ ಅವರವೇ. ಆದರೆ ಸೋಮವಾರದಿಂದ ಗುರುವಾರದವರೆಗೆ ಮಾತ್ರ. ಖಾಲಿ ಕುರ್ಚಿ ತುಂಬಿಸಲು ಇದು ಜಾಣ ಲೆಕ್ಕ. ಕತ್ತಲಲ್ಲೇ ಎದ್ದು ರೈಲು ಹಿಡಿದು ಬೆಂಗಳೂರಿಗೆ ಹೋಗಿ ರಾತ್ರಿ ಮನೆ ಸೇರುವ ಕ್ಯಾಸಂಬಳ್ಳಿಯವನಿಗೆ ಆ ನಾಲ್ಕು ದಿನಗಳಲ್ಲಿ ಬಿಡುವೆಲ್ಲಿ? ಅವನು ಹಬ್ಬದ ರಜೆಯಲ್ಲೋ ಭಾನುವಾರವೋ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗುವವನು. ಅಂದು ನಾಲ್ಕು ಟಿಕೆಟ್ಟಿಗೂ ಪೂರ್ತಿ ದರ ಕೊಡಬೇಕು. ರಾಜ್ಯ ಸರಕಾರ 2025ರ ಸೆಪ್ಟೆಂಬರಿನಲ್ಲಿ ತೆರಿಗೆ ಬಿಟ್ಟು 200 ರೂಪಾಯಿಯ ಮಿತಿ ವಿಧಿಸಿದಾಗ ಅವನಿಗೆ ಸ್ವಲ್ಪ ಅನುಕೂಲವಾಗುವಂತಿತ್ತು. ಅದೇ ತಿಂಗಳು ಹೈಕೋರ್ಟು ಅದಕ್ಕೆ ಮಧ್ಯಂತರ ತಡೆ ನೀಡಿತು. ಆ ಯೋಜನೆ ಬಂದಾಗ ಬಿಡುವಿದ್ದವನಿಗೆ ಒಂದು ಸಿನಿಮಾ 70 ರೂಪಾಯಿಗೆ ಸಿಗುತ್ತಿದ್ದರೆ, ಬಿಡುವಿಲ್ಲದವನು ತನ್ನ ಒಂದೇ ಒಂದು ಭಾನುವಾರಕ್ಕೆ ಅದರ ಎಷ್ಟು ಪಟ್ಟು ತೆರುತ್ತಿದ್ದ ಎಂಬುದನ್ನು ದರ ನಿಗದಿ ಮಾಡುವವರು ಒಮ್ಮೆ ಲೆಕ್ಕ ಹಾಕಿ ನೋಡಬೇಕು.