ಕೊಟ್ಟದ್ದು, ಕಿತ್ತುಕೊಂಡದ್ದು

ಶರಣರ ಹೆಸರುಗಳನ್ನು ಮನಸ್ಸಿಟ್ಟು ಓದಿದವರಿಗೆ ಒಂದು ಸಂಗತಿ ತೋರದಿರದು. ಬಸವಣ್ಣ, ಚೆನ್ನಬಸವಣ್ಣ, ಅಕ್ಕಮಹಾದೇವಿ, ಅಕ್ಕನಾಗಮ್ಮ, ಆಯ್ದಕ್ಕಿ ಲಕ್ಕಮ್ಮ, ಮಾದಾರ ಚೆನ್ನಯ್ಯ: ಇವುಗಳಲ್ಲಿ ಅರಮನೆಯ ಬಿರುದಾಗಲಿ ವಿದ್ಯಾಪೀಠದ ಪದವಿಯಾಗಲಿ ಇಲ್ಲ. ಅಣ್ಣ, ಅಕ್ಕ, ಅಮ್ಮ, ಅಯ್ಯ ಎಂಬ ಮನೆಯೊಳಗಿನ ಮಾತುಗಳೇ ಅಲ್ಲಿ ಗೌರವದ ಮಾತುಗಳಾಗಿವೆ. ಚೆನ್ನಬಸವಣ್ಣನವರಾದರೋ ಅಕ್ಕನಾಗಮ್ಮನವರ ಮಗ, ಬಸವಣ್ಣನವರಿಗೆ ಸೋದರಳಿಯ. ವಯಸ್ಸಿನಿಂದ ನೋಡಿದರೆ ಕಿರಿಯರು. ಆದರೂ ಅವರು ‘ಅಣ್ಣ’ನೇ. ಅನುಭವಮಂಟಪದಲ್ಲಿ ಹಿರಿತನವೆಂಬುದು ಹುಟ್ಟಿದ ವರುಷವನ್ನು ಕೇಳಲಿಲ್ಲ. ಒಳಗಿನ ಪಾಕವನ್ನು ಕೇಳಿತು.

ನಮ್ಮ ಮನೆಗಳಲ್ಲಿ ಈ ಪದವಿ ದೊರೆಯುವ ಬಗೆ ಬೇರೆ. ನಾಲ್ಕೈದು ವರುಷ ಮನೆಗೆಲ್ಲ ಒಂದೇ ಕೂಸಾಗಿ ಬೆಳೆದ ಮಗು ಒಂದು ದಿನ ಬೆಳಗಾಗುವುದರೊಳಗೆ ಅಣ್ಣನಾಗುತ್ತದೆ ಅಥವಾ ಅಕ್ಕನಾಗುತ್ತದೆ. ಅದು ಬೇಡಿದ ಪದವಿಯಲ್ಲ, ಗಳಿಸಿದ ಪದವಿಯೂ ಅಲ್ಲ. ನಿನ್ನೆಯವರೆಗೆ ತಾಯಿಯ ಮಡಿಲು ತನ್ನದಾಗಿತ್ತು. ಇಂದು ಅಲ್ಲಿ ಇನ್ನೊಂದು ಶಿಶು ಮಲಗಿದೆ. ಬಂದವರೆಲ್ಲರೂ ‘ನೀನು ದೊಡ್ಡವನಾದೆಯಪ್ಪಾ’ ಎಂದು ತಲೆ ಸವರಿ ಹೋಗುತ್ತಾರೆ. ದೊಡ್ಡವನಾದುದರ ಲಾಭವೇನೆಂದು ಮಗುವಿಗೆ ಆಗ ತಿಳಿಯುವುದಿಲ್ಲ. ಅದರ ತೆರಿಗೆ ಮಾತ್ರ ವರುಷದೊಳಗಾಗಿ ತಿಳಿಯತೊಡಗುತ್ತದೆ. ಕಿರಿಯ ಕೂಸು ಅಂಬೆಗಾಲಿಕ್ಕಿ, ಎದ್ದು ನಿಂತು, ತಪ್ಪುಹೆಜ್ಜೆಯಿಟ್ಟು ಮನೆಯನ್ನೆಲ್ಲ ಸುತ್ತುವ ಕಾಲ ಬಂದಾಗ ಹಿರಿಯ ಮಗುವಿನ ಪಾಟಿ, ಬಳಪ, ಚೆಂಡು, ಬಣ್ಣದ ಪುಸ್ತಕ ಯಾವುದೂ ಅದರದ್ದಾಗಿ ಉಳಿಯುವುದಿಲ್ಲ. ‘ಕೊಟ್ಟುಬಿಡು, ಅದು ಸಣ್ಣದು’ ಎಂಬ ಒಂದು ಮಾತಿನಿಂದ ಎಲ್ಲ ವ್ಯಾಜ್ಯವೂ ತೀರ್ಮಾನವಾಗುತ್ತದೆ. ಬಸ್ಸಿನ ನಿರ್ವಾಹಕನು ಅರ್ಧ ಟಿಕೆಟ್ಟು ಕೊಡುವ ಮಗುವಿನಿಂದ ಮನೆಯವರು ಪೂರ್ತಿ ಟಿಕೆಟ್ಟಿನ ವಿವೇಕವನ್ನು ಕೇಳುತ್ತಾರೆ!

ಈ ಸಣ್ಣ ಮಾತನ್ನು ಧರ್ಮವಿಚಾರದ ಪತ್ರಿಕೆಯಲ್ಲಿ ಎತ್ತುವುದೇಕೆಂದು ಕೆಲವರು ಕೇಳಬಹುದು. ದಾಸೋಹವೆಂದರೇನೆಂಬ ದೊಡ್ಡ ಪ್ರಶ್ನೆಯನ್ನು ಮನುಷ್ಯನು ಮೊತ್ತಮೊದಲು ಎದುರಿಸುವುದು ಮಠದ ಪಂಕ್ತಿಯಲ್ಲಿ ಅಲ್ಲವೆಂದೂ ಮನೆಯ ಪಡಸಾಲೆಯಲ್ಲಿ ಎರಡು ವರುಷದ ತಮ್ಮನ ಎದುರಿನಲ್ಲಿಯೆಂದೂ ನನಗೆ ತೋರುತ್ತದೆ. ತನ್ನದಾದುದನ್ನು ಇನ್ನೊಬ್ಬರಿಗೆ ಸಲ್ಲಿಸುವುದು ಹೇಗೆ, ಏಕೆ, ಎಷ್ಟರ ಮಟ್ಟಿಗೆ ಎಂಬುದನ್ನು ಅಲ್ಲಿ ತಪ್ಪಾಗಿ ಕಲಿತವನು ಮುಂದೆ ತಿದ್ದಿಕೊಳ್ಳುವುದು ಸುಲಭವಲ್ಲ.

ಜಾತ್ರೆಯ ದಿನವನ್ನೇ ತೆಗೆದುಕೊಳ್ಳೋಣ. ಎಂಟು ವರುಷದ ಹುಡುಗನು ತಿಂಗಳಿನಿಂದ ದಿನ ಎಣಿಸಿರುತ್ತಾನೆ. ತೇರು ಎಳೆಯುವುದನ್ನು ನೋಡಬೇಕು, ಎಲ್ಲರಂತೆ ತಾನೂ ಕಳಸಕ್ಕೆ ಗುರಿಯಿಟ್ಟು ಉತ್ತತ್ತಿ ಎಸೆಯಬೇಕು, ತಿರುಗುವ ತೊಟ್ಟಿಲಲ್ಲಿ ಕೂಡಬೇಕು. ಮನೆಯವರೆಲ್ಲರೂ ಹೊರಡುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಚಿಕ್ಕ ಮಗು ಬಿಸಿಲಿಗೆ ಬಾಡಿ ಅಳುವಿಗೆ ಮೊದಲಿಡುತ್ತದೆ. ನಿದ್ದೆಯ ಹೊತ್ತು ಮೀರಿದೆ. ಜನಜಂಗುಳಿ, ಧೂಳು, ವಾದ್ಯದ ಸದ್ದು ಬೇರೆ. ಒಂದರಿಂದ ಎರಡು ವರುಷದ ಮಕ್ಕಳಿಗೆ ಹಗಲುನಿದ್ದೆಯೂ ಸೇರಿ ದಿನಕ್ಕೆ 11ರಿಂದ 14 ಗಂಟೆಗಳ ನಿದ್ದೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ತಿಳಿಸಿತು. ನಮ್ಮ ಅಜ್ಜಿಯರಿಗೆ ಈ ಅಂಕಿ ಗೊತ್ತಿರಲಿಲ್ಲ, ಸಂಗತಿ ಗೊತ್ತಿತ್ತು. ‘ಕೂಸಿಗೆ ತಡೆಯದು, ನಡೆಯಿರಿ’ ಎಂದು ಎಲ್ಲರೂ ಹಿಂತಿರುಗುತ್ತಾರೆ. ಸಂಜೆ ತೇರು ಎಳೆದ ಸದ್ದು ದೂರದಿಂದ ಕೇಳಿಬರುತ್ತದೆ. ಹುಡುಗನು ಜಗುಲಿಯ ಮೇಲೆ ಮುಖ ತಿರುಗಿಸಿ ಕುಳಿತಿರುತ್ತಾನೆ. ‘ತಮ್ಮನಿಗಾಗಿ ತೇರನ್ನೇ ಬಿಟ್ಟು ಬಂದ, ಎಂಥ ಜಾಣ’ ಎಂದು ಯಾರೋ ಹೊಗಳುತ್ತಾರೆ.

ಈ ಹೊಗಳಿಕೆಯೊಳಗೇ ದೋಷವಿದೆ. ಹಿಂತಿರುಗಿದ್ದು ತಪ್ಪಾಗಿರಲಾರದು, ಕೂಸಿಗೆ ಜ್ವರ ಬರುವಂತಿದ್ದರೆ ತೇರಿಗಿಂತ ಕೂಸು ದೊಡ್ಡದು. ಆದರೆ ಹುಡುಗನು ತೇರನ್ನು ಬಿಟ್ಟುಕೊಡಲಿಲ್ಲ. ಅವನನ್ನು ಯಾರೂ ಕೇಳಲಿಲ್ಲ. ಅವನಿಂದ ತೆಗೆದುಕೊಂಡದ್ದನ್ನು ಅವನೇ ಕೊಟ್ಟನೆಂದು ಹೇಳುವುದು ಸುಳ್ಳು. ಎಂಟು ವರುಷದ ಮಗು ಆ ಸುಳ್ಳನ್ನು ಮಾತಿನಿಂದ ಎತ್ತಿ ತೋರಿಸಲಾರದು. ಒಳಗೆ ಮಾತ್ರ ಚೆನ್ನಾಗಿ ತಿಳಿದುಕೊಳ್ಳುತ್ತದೆ.

ಆಯ್ದಕ್ಕಿ ಮಾರಯ್ಯನವರ ಕಥೆ ಭಕ್ತರಿಗೆಲ್ಲ ತಿಳಿದದ್ದೇ. ದಿನದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ಅವರು ಆಯ್ದು ತಂದಾಗ ಲಕ್ಕಮ್ಮನವರು ಅದನ್ನು ಒಳಗೆ ತೆಗೆದುಕೊಳ್ಳಲಿಲ್ಲ. ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬರುವಂತೆ ಹೇಳಿದರು. ಅಕ್ಕಿ ಕಳವಿನದಾಗಿರಲಿಲ್ಲ, ದಾಸೋಹಕ್ಕೆ ಬೇಕಾದದ್ದೇ ಆಗಿತ್ತು. ಆದರೂ ಬಂದ ದಾರಿ ಸರಿಯಿಲ್ಲದುದರಿಂದ ಸಲ್ಲಲಿಲ್ಲ. ಸತ್ಯಶುದ್ಧವಲ್ಲದ ದ್ರವ್ಯವು ದಾಸೋಹಕ್ಕೆ ಸಲ್ಲದೆಂಬ ಈ ಕಟ್ಟಳೆಯನ್ನು ನಾವು ಹಣಕಾಸಿಗೆ ಮಾತ್ರ ಅನ್ವಯಿಸುತ್ತ ಬಂದಿದ್ದೇವೆ. ಅಳುವ ಮಗುವಿನ ಕೈಯಿಂದ ಬಿಡಿಸಿ ಇನ್ನೊಂದು ಅಳುವ ಮಗುವಿನ ಕೈಗಿತ್ತ ಚೆಂಡು ಯಾವ ಲೆಕ್ಕಕ್ಕೆ ಸೇರುತ್ತದೆ? ಲಕ್ಕಮ್ಮನವರ ಮನೆಬಾಗಿಲಲ್ಲಿ ಅದಕ್ಕೆ ಪ್ರವೇಶ ಸಿಕ್ಕೀತೆ?

ಇದಕ್ಕೆ ಒಂದು ಬಲವಾದ ಆಕ್ಷೇಪವುಂಟು. ಗುಣವೆಂಬುದು ಅಭ್ಯಾಸದಿಂದ ಬರತಕ್ಕದ್ದು. ಬೆಳಗ್ಗೆ ಎದ್ದು ಮಿಂದು ಲಿಂಗಪೂಜೆಗೆ ಕೂಡುವುದನ್ನೂ ನಾವು ಮಕ್ಕಳಿಗೆ ಮೊದಲು ಮಾಡಿಸಿ ಆಮೇಲೆ ಅರ್ಥ ಹೇಳುತ್ತೇವೆ. ಹಾಗೆಯೇ ಮೊದಲು ಒತ್ತಾಯದಿಂದ ಕೊಡಿಸಿದರೆ ಮುಂದೆ ಮಗುವು ತಾನಾಗಿ ಕೊಟ್ಟೀತು ಎಂದು ವಾದಿಸಬಹುದು. ಈ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಪೂಜೆಯಲ್ಲಿ ಮಗುವು ತನ್ನ ಕೈಯಿಂದ ಒಂದು ಕೆಲಸ ಮಾಡುತ್ತದೆ; ಕೈ ಕಲಿಯುತ್ತದೆ, ಕೈಯ ಹಿಂದೆ ಮನಸ್ಸು ಕಲಿಯುತ್ತದೆ. ಕಿತ್ತುಕೊಳ್ಳಿಸಿಕೊಳ್ಳುವವನು ಏನನ್ನು ಅಭ್ಯಾಸ ಮಾಡಿದಂತಾಯಿತು? ಕಳೆದುಕೊಳ್ಳುವುದನ್ನು. ಹಾಗೆ ಕಳೆದುಕೊಂಡು ಕಳೆದುಕೊಂಡು ಬೆಳೆದ ಮಗು ಬಚ್ಚಿಡಲು ಕಲಿಯುತ್ತದೆ. ಹಿರಿಯರು ಮರೆಯಾದಾಗ ಕಿರಿಯದನ್ನು ಚಿವುಟಲೂ ಕಲಿಯುತ್ತದೆ. ಮನೆಯಲ್ಲಿ ಎರಡು ಮಕ್ಕಳನ್ನು ಬೆಳೆಸಿದವರಿಗೆ ಇದನ್ನು ನಾನು ಹೇಳಬೇಕಾಗಿಲ್ಲ.

ಕೊಡುವ ಬುದ್ಧಿಯು ಮಕ್ಕಳಲ್ಲಿ ಹುಟ್ಟಿನಿಂದ ಇಲ್ಲವೆಂದೂ ಹೊಡೆದು ಬಡಿದು ತುಂಬಬೇಕೆಂದೂ ನಂಬಿದವರು ಒಂದು ಪ್ರಯೋಗವನ್ನು ಗಮನಿಸುವುದು ಒಳ್ಳೆಯದು. ಜರ್ಮನಿಯ ಲೈಪ್ಜಿಗ್ ನಗರದಲ್ಲಿ ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಾಸೆಲ್ಲೊ ಎಂಬ ವಿದ್ವಾಂಸರು ಹದಿನೆಂಟು ತಿಂಗಳ 24 ಮಕ್ಕಳನ್ನು ಪರೀಕ್ಷಿಸಿ 2006ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ಪರಿಚಯವಿಲ್ಲದ ದೊಡ್ಡವನೊಬ್ಬನು ಕೈಯಲ್ಲಿದ್ದುದನ್ನು ಜಾರಿಸಿ ಎಟುಕಿಸಿಕೊಳ್ಳಲಾರದೆ ಚಾಚುತ್ತಾನೆ. ಎರಡೂ ಕೈ ತುಂಬಿರಲು ಬೀರುವಿನ ಬಾಗಿಲನ್ನು ತೆರೆಯಲಾರದೆ ನಿಲ್ಲುತ್ತಾನೆ. ಯಾರೂ ಹೇಳದೆ, ಬಹುಮಾನವಿಲ್ಲದೆ, ಆ 24ರಲ್ಲಿ 22 ಮಕ್ಕಳು ಒಮ್ಮೆಯಾದರೂ ನೆರವಿಗೆ ಬಂದವು. ಅವರೇ 2008ರಲ್ಲಿ ಇಪ್ಪತ್ತು ತಿಂಗಳ ಮಕ್ಕಳ ವಿಷಯದಲ್ಲಿ ಇನ್ನೊಂದು ಸಂಗತಿಯನ್ನು ತಿಳಿಸಿದರು. ನೆರವು ನೀಡಿದ ಕೆಲವು ಮಕ್ಕಳಿಗೆ ಆಟದ ವಸ್ತುವನ್ನು ಬಹುಮಾನವಾಗಿ ಕೊಟ್ಟರು. ಕೆಲವಕ್ಕೆ ಮೆಚ್ಚುಗೆಯ ಮಾತಾಡಿದರು. ಉಳಿದವಕ್ಕೆ ಏನನ್ನೂ ಕೊಡಲಿಲ್ಲ. ಆಮೇಲೆ ನೋಡಿದರೆ, ಬಹುಮಾನ ಪಡೆದ ಮಕ್ಕಳಲ್ಲಿ ನೆರವಾಗುವ ಉತ್ಸಾಹವು ತಗ್ಗಿತ್ತು. ಉಳಿದ ಎರಡು ಗುಂಪುಗಳಲ್ಲಿ ತಗ್ಗಿರಲಿಲ್ಲ. ‘ತಮ್ಮನಿಗೆ ಚೆಂಡು ಕೊಡು, ನಿನಗೆ ಪೆಪ್ಪರಮಿಂಟು ಕೊಡುತ್ತೇನೆ’ ಎಂಬ ನಮ್ಮ ಮನೆಯ ವ್ಯಾಪಾರಕ್ಕೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿಲ್ಲ. ದಾನದಲ್ಲಿ ಫಲದ ಆಸೆ ಉಂಟೆಂದೂ ದಾಸೋಹದಲ್ಲಿ ಅದು ಸಲ್ಲದೆಂದೂ ಬಗೆದ ಶರಣರಿಗೆ ಈ ವಾರ್ತೆ ಅಚ್ಚರಿಯನ್ನು ತರುತ್ತಿರಲಿಲ್ಲವೆಂದು ತೋರುತ್ತದೆ.

ಹಾಗೆಂದು ಕಿರಿಯ ಕೂಸನ್ನು ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸುವುದು ಅವಿವೇಕ. ಎರಡು ವರುಷದ ಮಗುವಿಗೆ ‘ಆಮೇಲೆ’ ಎಂಬುದು ಇನ್ನೂ ಹೊತ್ತಾಗಿಲ್ಲ. ಅದು ‘ಇಲ್ಲ’ ಎಂಬುದರ ಇನ್ನೊಂದು ಹೆಸರು. ಅದು ಕಾಯದಿರುವುದು ಹಟಕ್ಕಾಗಿ ಅಲ್ಲ; ಕಾಯುವ ಶಕ್ತಿ ಇನ್ನೂ ಮೂಡಿಲ್ಲವಾದುದರಿಂದ. ಕೂಡಲಸಂಗಮಕ್ಕೆ ಮಕ್ಕಳೊಡನೆ ಹೋದವರು ಇದನ್ನು ಬಲ್ಲರು. ಕೃಷ್ಣೆಯೂ ಮಲಪ್ರಭೆಯೂ ಕೂಡುವಲ್ಲಿ ಬಸವಣ್ಣನವರ ಐಕ್ಯಸ್ಥಳವನ್ನು ಹಿನ್ನೀರಿನಿಂದ ಕಾಯಲೋಸುಗ ಸುತ್ತಲೂ ಬಾವಿಯಂತೆ ಎತ್ತರದ ಗೋಡೆ ಕಟ್ಟಲಾಗಿದೆ. ಮೆಟ್ಟಿಲಿಳಿದು ಒಳಗೆ ದರ್ಶನಕ್ಕೆ ಹೋಗಬೇಕು. ಹಿರಿಯ ಮಗು ಸರಸರನೆ ಇಳಿದು ಕೆಳಗಿನಿಂದ ಕೂಗುತ್ತಿರುತ್ತದೆ. ಕಿರಿಯದು ಎತ್ತಿಕೊಳ್ಳಗೊಡದು, ಪ್ರತಿಯೊಂದು ಮೆಟ್ಟಿಲನ್ನೂ ತನ್ನ ಕಾಲಿನಿಂದಲೇ ಇಳಿಯಬೇಕು, ಇಳಿದ ಮೆಟ್ಟಿಲಿನ ಮೇಲೆ ಕುಳಿತು ಸಾಲಾಗಿ ಹೋಗುವ ಇರುವೆಯನ್ನು ನೋಡಬೇಕು. ಹಿಂದೆ ಭಕ್ತರ ಸಾಲು ನಿಂತಿರುತ್ತದೆ. ಅವಸರದವರಿಗೆ ಇದು ಕಾಟ. ನನಗಂತೂ ಆ ಕೂಸೇ ಅಲ್ಲಿಯ ನಿಜವಾದ ಯಾತ್ರಿಕನೆನಿಸಿದೆ. ಉಳಿದವರು ಮೆಟ್ಟಿಲನ್ನು ದಾಟುತ್ತಾರೆ, ಅದು ಮೆಟ್ಟಿಲನ್ನು ಕಾಣುತ್ತದೆ. ಈ ಲಾಭವು ಹಿರಿಯ ಮಗುವಿಗೂ ಸಿಕ್ಕುವುದುಂಟು. ಕೂಗಿ ಬೇಸತ್ತು ಮೇಲೆ ಹತ್ತಿ ಬಂದು, ತಾನೂ ಕುಕ್ಕರುಗಾಲಲ್ಲಿ ಕುಳಿತು ‘ನೋಡು, ಅದು ಅಕ್ಕಿಕಾಳು ಹೊತ್ತಿದೆ’ ಎಂದು ತಮ್ಮನಿಗೆ ತೋರಿಸಿತೆಂದರೆ, ಅಲ್ಲಿ ಕೊಟ್ಟದ್ದಾಯಿತು. ಯಾರೂ ಕೇಳಲಿಲ್ಲ, ಕೇಳದಿದ್ದುದರಿಂದಲೇ ಅದು ಕೊಡುಗೆಯಾಯಿತು. ಎಲ್ಲ ದಿನವೂ ಹೀಗೆ ನಡೆಯುವುದಿಲ್ಲವೆಂಬುದೂ ನಿಜ.

ಹೀಗಿರಲು ಗೃಹಸ್ಥರು ಮಾಡತಕ್ಕದ್ದೇನು? ತೆಗೆದುಕೊಳ್ಳಲೇಬೇಕಾದ ಸಂದರ್ಭದಲ್ಲಿ ತೆಗೆದುಕೊಳ್ಳುತ್ತೇವೆಂದೇ ಹೇಳಬೇಕು. ‘ತಮ್ಮನಿಗೆ ಮೈ ಸುಡುತ್ತಿದೆ, ಆದುದರಿಂದ ನಾವು ತಿರುಗಿ ಹೋಗುತ್ತಿದ್ದೇವೆ, ನಿನ್ನ ತೇರು ತಪ್ಪಿತು, ಇದು ನಿನಗೆ ನಷ್ಟವೇ ಸರಿ’ ಎಂದು ತಂದೆಯು ತನ್ನ ಹೆಸರಿನಲ್ಲಿ ನಿರ್ಣಯವನ್ನು ಹೊತ್ತು ಹೇಳಿದರೆ ಮಗುವು ಅಳಬಹುದು, ಆದರೆ ಅದರ ಅಳುವಿಗೆ ಮರ್ಯಾದೆ ಸಂದಿತು. ಕೇಳುವಂತಿದ್ದರೆ ನಿಜವಾಗಿ ಕೇಳಬೇಕು. ಕೇಳಿದ ಮೇಲೆ ‘ಕೊಡೆನು’ ಎಂಬ ಉತ್ತರಕ್ಕೂ ಎಡೆಯಿರಬೇಕು. ಇಲ್ಲವೆನ್ನಲು ಬಾರದವನ ಹೌದಿಗೆ ಬೆಲೆಯೇನು? ಒಂದು ಪೆಟ್ಟಿಗೆಯೋ ಒಂದು ಗೂಡೋ ಹಿರಿಯ ಮಗುವಿನದೆಂದೇ ಇರಲಿ. ಅದರೊಳಗಿನದನ್ನು ಮನೆಯಲ್ಲಿ ಯಾರೂ ಕೇಳದಿರಲಿ. ತನ್ನದೆಂಬುದು ಒಂದೂ ಇಲ್ಲದವನು ಏನನ್ನು ತಾನೇ ಸಲ್ಲಿಸಬಲ್ಲನು?

ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಜೂಡಿ ಡನ್ ಮತ್ತು ಕ್ಯಾರೊಲ್ ಕೆಂಡ್ರಿಕ್ ಎಂಬ ಮಹಿಳೆಯರು 40 ಕುಟುಂಬಗಳಲ್ಲಿ ಎರಡನೆಯ ಮಗು ಹುಟ್ಟುವುದಕ್ಕೆ ಮುಂಚಿನಿಂದ ಮನೆಗಳಿಗೆ ಹೋಗಿ ಕುಳಿತು ನೋಡಿ 1982ರಲ್ಲಿ ಒಂದು ಗ್ರಂಥವನ್ನು ಹೊರತಂದರು. ಕೂಸಿಗೂ ಬೇಕುಬೇಡಗಳಿವೆ, ಅದಕ್ಕೂ ಒಂದು ಮನಸ್ಸಿದೆ ಎಂದು ಮೊದಲ ವಾರಗಳಿಂದಲೇ ಹಿರಿಯ ಮಗುವಿನೊಡನೆ ಮಾತಾಡಿದ ತಾಯಂದಿರ ಮನೆಯಲ್ಲಿ ಮಕ್ಕಳಿಬ್ಬರ ಸ್ನೇಹವು ಮುಂದೆ ಹೆಚ್ಚಾಗಿ ಕಂಡುಬಂತೆಂದು ಅವರು ಬರೆದಿದ್ದಾರೆ. ‘ಯಾಕೆ ಅಳುತ್ತಿದೆಯೋ, ನಿನಗೇನು ತೋರುತ್ತದೆ?’ ಎಂದು ಹಿರಿಯದನ್ನು ಕೇಳಿದಾಗ ಅದು ವಿಚಾರದಲ್ಲಿ ಪಾಲುಗಾರನಾಗುತ್ತದೆ. ‘ದೊಡ್ಡವನು, ಕೊಡು’ ಎಂಬ ಆಜ್ಞೆಯು ಮಾತನ್ನು ಅಲ್ಲಿಗೇ ಮುಗಿಸಿಬಿಡುತ್ತದೆ.

ಹೆಣ್ಣುಮಗುವು ಹಿರಿಯಳಾದ ಮನೆಯ ಮಾತನ್ನು ಬೇರೆಯಾಗಿಯೇ ಎತ್ತಬೇಕು. ಚೆಂಡಿನ ವ್ಯಾಜ್ಯ ಅಲ್ಲಿ ಚಿಕ್ಕದು. ಕೂಸನ್ನು ಸೊಂಟಕ್ಕೇರಿಸಿಕೊಂಡು ಓಡಾಡುವ ಹತ್ತು ವರುಷದ ಅಕ್ಕನನ್ನು ಕಂಡು ‘ಎಂಥ ಮಮತೆ’ ಎಂದು ನಾವು ತಲೆದೂಗುತ್ತೇವೆ. ಮಮತೆ ಇದ್ದೀತು. ಆದರೆ ಸುಗ್ಗಿಯ ದಿನಗಳಲ್ಲಿ ಅವಳ ಶಾಲೆಯ ಹಾಜರಿಯನ್ನೂ ಯಾರಾದರೂ ನೋಡಲಿ. 6ರಿಂದ 14 ವರುಷದ ಮಕ್ಕಳಿಗೆ ಶಿಕ್ಷಣವು ಹಕ್ಕೆಂದು 2009ರಲ್ಲಿ ಶಾಸನವಾಯಿತು. ಅಂಗನವಾಡಿಗಳಿಗೆ ಕಾರಣವಾದ ಯೋಜನೆ 1975ರಲ್ಲಿಯೇ ಮೊದಲಾಯಿತು. ಕೂಲಿಗೆ ಹೋಗುವ ತಾಯಂದಿರ ಕೂಸುಗಳಿಗಾಗಿ ‘ಕೂಸಿನ ಮನೆ’ಗಳನ್ನು ತೆರೆಯುವುದಾಗಿ ಕರ್ನಾಟಕ ಸರಕಾರವು 2023ರಲ್ಲಿ ಸಾರಿತು. ಇಷ್ಟಿದ್ದೂ, ಅನುಕೂಲಸ್ಥರ ಮನೆಯಲ್ಲಿಯೂ ಜಾತ್ರೆಯ ಅಂಗಡಿಸಾಲಿನಲ್ಲಿ ಕೂಸು ಅಕ್ಕನ ಕಂಕುಳಲ್ಲಿರುತ್ತದೆ. ಅಣ್ಣನ ಕೈಗಳು ಬರಿದಾಗಿ ಬೀಸಾಡುತ್ತಿರುತ್ತವೆ. ಸ್ತ್ರೀಯರಿಗೂ ಪುರುಷರಿಗೂ ಒಂದೇ ಲಿಂಗವನ್ನು ಕೈಯಲ್ಲಿ ಇತ್ತ ಪರಂಪರೆಯವರು ಕೂಸನ್ನು ಮಾತ್ರ ಒಬ್ಬಳ ಕೈಯಲ್ಲೇ ಇಡುವುದಕ್ಕೆ ಯಾವ ಆಧಾರವನ್ನು ತೋರಿಸಬಲ್ಲರೋ ತಿಳಿಯದು.

ಈ ಸಾರಿ ಜಾತ್ರೆಗೆ ಹೊರಡುವಾಗ ಮನೆಯ ದೊಡ್ಡವರು ಮುಂಚಿತವಾಗಿ ಕುಳಿತು ಮಾತಾಡಿಕೊಳ್ಳಲಿ. ಕೂಸಿಗೆ ನಿದ್ದೆ ಬಂದರೆ ಯಾರು ಅದನ್ನು ಹೊತ್ತು ಮನೆಗೆ ಮರಳುವರು, ಯಾರು ಹಿರಿಯ ಮಗುವಿನೊಡನೆ ತೇರು ನಿಲ್ಲುವವರೆಗೆ ಉಳಿಯುವರು ಎಂಬುದು ಬಸ್ಸು ಹತ್ತುವ ಮೊದಲೇ ಗೊತ್ತಾಗಿರಲಿ. ಹೆಂಗಸರೇ ಸದಾ ಮರಳಬೇಕೆಂದೇನೂ ಇಲ್ಲ. ತಂದೆಯ ಹೆಗಲ ಮೇಲೂ ಕೂಸಿಗೆ ನಿದ್ದೆ ಬರುತ್ತದೆ. ತಾಯಿ ಮಗಳೊಡನೆ ಉಳಿಯಲಿ, ಇಬ್ಬರೂ ಸೇರಿ ಕಳಸಕ್ಕೆ ಉತ್ತತ್ತಿ ಎಸೆದು ನಿಧಾನವಾಗಿ ಬರಲಿ.