ದಾದಿಗೆ ಕಾಯಿಲೆ ಬಂದರೆ

ವೈದ್ಯರು ಕೆಮ್ಮಿದರೆ ನಮಗೆ ನಗೆ ಬರುತ್ತದೆ. ಜೋಯಿಸರ ಮನೆಯಲ್ಲೇ ಕಳವಾದರೆ ಊರೆಲ್ಲ ಆಡಿಕೊಳ್ಳುತ್ತದೆ. ಪರರಿಗೆ ಒದಗಿಸುವುದನ್ನು ತಾನು ಮೊದಲು ಪಡೆದಿರಬೇಕೆಂಬುದು ಲೋಕದ ಲೆಕ್ಕ. ಈ ಲೆಕ್ಕವೇ ಶುಶ್ರೂಷೆಯನ್ನು ಕಲಿಯಲು ಹೋದ ಹುಡುಗಿ ತಾನೇ ಹಾಸಿಗೆ ಹಿಡಿದಾಗ, "ಇವಳೇನು ಇನ್ನೊಬ್ಬರನ್ನು ನೋಡಿಕೊಂಡಾಳು?" ಎಂಬ ಮಾತಾಗಿ ಹೊರಬೀಳುತ್ತದೆ. ಆರೈಕೆ ಮಾಡುವವರು ಸದಾ ಆರೋಗ್ಯವಂತರಾಗಿಯೇ ಇರಬೇಕೆ? ಕಲಿಯುವಾಗಲೇ ಕಾಯಿಲೆ ಬಿದ್ದವರು ಆ ದಾರಿಯನ್ನೇ ಬಿಡಬೇಕೆ? ಪ್ರಶ್ನೆ ನೋಡುವುದಕ್ಕೆ ಸಣ್ಣದು. ಬಿಡಿಸಹೊರಟರೆ ಗಂಟು ದೊಡ್ಡದು.

ಬೀದರ ತಾಲೂಕಿನ ಮನ್ನಳ್ಳಿಯಲ್ಲಿ ನನ್ನ ಹಳೆಯ ಸ್ನೇಹಿತರೊಬ್ಬರಿದ್ದಾರೆ, ಒಕ್ಕಲುತನದ ಮನೆ. ಅವರ ಮಗಳು ದೂರದ ಪಟ್ಟಣವೊಂದರಲ್ಲಿ ನರ್ಸಿಂಗ್ ಪದವಿಯ ಎರಡನೆಯ ವರ್ಷದಲ್ಲಿದ್ದಾಗ ಕ್ಷಯ ತಗಲಿತು. ಸಂಜೆಯಾದರೆ ಜ್ವರ, ರಾತ್ರಿಯೆಲ್ಲ ಕೆಮ್ಮು. ಆದರೂ ಒಂದು ತಿಂಗಳ ಕಾಲ ಜ್ವರದ ಗುಳಿಗೆ ನುಂಗುತ್ತ ಅವಳು ವಾರ್ಡಿನ ಕೆಲಸ ಮಾಡಿದಳು. ಕೊನೆಗೆ ರೋಗ ಗೊತ್ತಾಗಿ ಊರಿಗೆ ಬಂದಾಗ, ಮೊದಲೇ ಏಕೆ ಹೇಳಲಿಲ್ಲವೆಂದು ಕೇಳಿದೆ. "ಹ್ಯಾಂಗ ಹೇಳ್ಲಿರಿ ಕಾಕಾ? ರಜಾ ತಗೊಂಡ್ರ ಹಾಜರಿ ಕಮ್ಮಿ ಬೀಳ್ತದ. ಖೋಲ್ಯಾನ ಹುಡುಗೇರು ದೂರ ಮಾಡ್ತಾರ. ವರ್ಷ ಹೋದ್ರ ಅಪ್ಪ ಕಟ್ಟಿದ ಫೀಜು ದಂಡ ಆಗ್ತದ" ಎಂದಳು. ಮೂರು ಭಯಗಳನ್ನು ಹೇಳಿದಳು. ರೋಗದ ಭಯ ಆ ಮೂರರಲ್ಲಿ ಇರಲಿಲ್ಲ.

ಆ ರೋಗ ವಾರ್ಡಿನಿಂದಲೇ ಬಂತೆಂದು ಖಚಿತವಾಗಿ ಹೇಳಲು ಯಾರಿಗೂ ಆಗದು. ಆದರೆ ಬರುವುದಕ್ಕೆ ಅಲ್ಲಿ ದಾರಿ ಅಗಲವಾಗಿಯೇ ಇದೆ. ದಕ್ಷಿಣ ಭಾರತದ ನರ್ಸಿಂಗ್ ವಿದ್ಯಾರ್ಥಿಗಳನ್ನು ಕುರಿತು ವೆಲ್ಲೂರಿನ ವೈದ್ಯರು 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ವರ್ಷಕ್ಕೆ ನೂರರಲ್ಲಿ ಸುಮಾರು 8 ಮಂದಿಗೆ ಕ್ಷಯದ ಸೋಂಕು ಹೊಸದಾಗಿ ತಗಲುವಷ್ಟು ಅಪಾಯ ಕಂಡುಬಂತು. ಇದು ದೇಶದ ಸಾಮಾನ್ಯ ಜನರ ಸರಾಸರಿಗಿಂತ ಹಲವು ಪಾಲು ಹೆಚ್ಚು. ಸೋಂಕು ತಗಲಿದವರೆಲ್ಲ ರೋಗಿಗಳಾಗುವುದಿಲ್ಲ, ನಿಜ. ಬಹುಮಂದಿಯ ಮೈಯಲ್ಲಿ ಅದು ಸುಮ್ಮನೆ ಮಲಗಿರುತ್ತದೆ. ಆದರೂ ಸಿಪಾಯಿಗೆ ಗಾಯವಾದರೆ ಪದಕ ಕೊಡುವ ನಾವು, ವಾರ್ಡಿನ ಹುಡುಗಿಗೆ ಕೆಮ್ಮು ಬಂದರೆ ಕೊಠಡಿ ಬದಲಿಸಲು ಹೇಳುವುದು ಯಾವ ನ್ಯಾಯ?

ನಿಯಮವನ್ನೂ ಇಲ್ಲಿ ನೋಡಬೇಕು. ಭಾರತೀಯ ನರ್ಸಿಂಗ್ ಪರಿಷತ್ತಿನ ಪ್ರಕಾರ ಪರೀಕ್ಷೆಗೆ ಕೂರಲು ಪಾಠದಲ್ಲೂ ಪ್ರಾಯೋಗಿಕದಲ್ಲೂ ಶೇಕಡ 80 ಹಾಜರಿ ಬೇಕು. ಗೈರುಹಾಜರಿಗೆ ಕಾರಣ ಯಾವುದೇ ಆಗಿರಲಿ. ಪದವಿ ಕೈಸೇರುವ ಮೊದಲು ಪ್ರಾಯೋಗಿಕ ಕೆಲಸದಲ್ಲಿ ಶೇಕಡ 100 ತುಂಬಿರಬೇಕು. ಮದುವೆಗೆ ಹೋದವಳನ್ನೂ ಜ್ವರದಲ್ಲಿ ಮಲಗಿದವಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಈ ಮಾತು ಮೊದಲ ನೋಟಕ್ಕೆ ಕಲ್ಲೆದೆಯದಾಗಿ ಕಂಡೀತು. ಆದರೆ ಹಾಸಿಗೆಯ ಮೇಲಿರುವ ರೋಗಿಯ ಕಡೆಯಿಂದ ಯೋಚಿಸಿ. ಸೂಜಿ ತಪ್ಪಿ ಚುಚ್ಚಿದರೆ, ಔಷಧದ ಅಳತೆ ಕೆಟ್ಟರೆ, "ಪಾಪ, ಆ ಪಾಠದ ದಿನ ಅವಳಿಗೆ ಜ್ವರವಿತ್ತು" ಎಂಬ ಸಮಾಧಾನದಿಂದ ಅವನಿಗೇನು ಬಂತು? ನೈಪುಣ್ಯವೆಂಬುದು ವಿದ್ಯಾರ್ಥಿ ರೋಗಿಗೆ ತೀರಿಸಬೇಕಾದ ಸಾಲ. ಅದರಲ್ಲಿ ಮಾಫಿ ಕೊಡುವ ಹಕ್ಕು ಶಾಲೆಗೂ ಇಲ್ಲ, ಸರ್ಕಾರಕ್ಕೂ ಇಲ್ಲ.

ಸಾಲ ಮನ್ನಾ ಮಾಡುವುದು ಬೇರೆ, ಕಂತು ಮುಂದಕ್ಕೆ ಹಾಕುವುದು ಬೇರೆ. 'ಪದವಿ ಕೈಸೇರುವ ಮೊದಲು' ಎಂಬಲ್ಲಿಯೇ ಒಂದಿಷ್ಟು ಅವಕಾಶ ಅಡಗಿದೆ: ಎಷ್ಟು ಕಲಿಯಬೇಕೆಂಬುದರಲ್ಲಿ ಕಟ್ಟುನಿಟ್ಟು, ಉಳಿದದ್ದನ್ನು ಎಂದು ತುಂಬಬೇಕೆಂಬುದರಲ್ಲಿ ಸಡಿಲ. ತಪ್ಪಿದ ವಾರಗಳನ್ನು ರಜೆಯಲ್ಲಿ ತುಂಬಿಕೊಡಬಹುದೆಂದು ಮನ್ನಳ್ಳಿಯ ಹುಡುಗಿಗೆ ಮೊದಲ ದಿನವೇ ಯಾರಾದರೂ ಹೇಳಿದ್ದರೆ ಅವಳು ಬಚ್ಚಿಡುತ್ತಿರಲಿಲ್ಲ. ಅವಳು ಕೆಮ್ಮುತ್ತ ವಾರ್ಡಿನಲ್ಲಿ ಓಡಾಡಿದ್ದನ್ನು ಧೈರ್ಯವೆಂದು ನಾನು ಹೊಗಳಲಾರೆ. ಅಲ್ಲಿದ್ದ ನಿಶ್ಶಕ್ತರಿಗೆ ಅದು ಅಪಾಯ. ಆದರೆ ನಿಜ ಹೇಳುವುದಕ್ಕೆ ಒಂದು ವರ್ಷದ ಬೆಲೆ ಕಟ್ಟಿದವರು, ಸುಳ್ಳಿನ ಪಾಪವನ್ನೆಲ್ಲ ಅವಳೊಬ್ಬಳ ತಲೆಗೆ ಕಟ್ಟುವುದು ಸಲ್ಲದು.

ಆರೋಗ್ಯವಂತರೇ ಆರೈಕೆಗೆ ಅರ್ಹರೆಂಬವರು ಆಧುನಿಕ ಶುಶ್ರೂಷೆಯ ಮೂಲವನ್ನೇ ನೆನೆಯಬೇಕು. ಫ್ಲಾರೆನ್ಸ್ ನೈಟಿಂಗೇಲ್ 1854ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳ ಸೇವೆಗೆ ಹೋದವಳು. 1855ರಲ್ಲಿ ತಾನೇ ಕಠಿಣ ಜ್ವರಕ್ಕೆ ಗುರಿಯಾದಳು. ಅದು ದನ, ಆಡುಗಳಿಂದ, ಕಾಯಿಸದ ಹಾಲಿನಿಂದ ಬರುವ ಬ್ರುಸೆಲ್ಲಾ ಜ್ವರವಿದ್ದೀತೆಂದು ಈಚಿನ ಕೆಲವರ ಊಹೆ. ತಾಯ್ನಾಡಿಗೆ ಮರಳಿದ ಮೇಲೆ ವರ್ಷಗಟ್ಟಲೆ ಅವಳಿಗೆ ಹಾಸಿಗೆಯೇ ಮನೆಯಾಯಿತು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವಳ ಹೆಸರಿನ ಶಿಕ್ಷಣಶಾಲೆ ತೆರೆದಾಗ, ಅದರ ವಾರ್ಡುಗಳಲ್ಲಿ ದಿನವೂ ತಿರುಗಾಡುವ ಶಕ್ತಿ ಅವಳಿಗಿರಲಿಲ್ಲ. ಮಲಗಿದಲ್ಲಿಂದಲೇ ಬರೆದಳು, ಲೆಕ್ಕ ಹಾಕಿದಳು, ಅಧಿಕಾರಿಗಳನ್ನು ಕಾಡಿದಳು. ಶುಶ್ರೂಷೆಯನ್ನು ಕುರಿತ ತನ್ನ ಪುಸ್ತಕದಲ್ಲಿ ಅವಳು ಮೊದಲು ಎತ್ತಿಕೊಂಡ ವಿಷಯ ಕೋಣೆಯ ಗಾಳಿ. ಕ್ಷಯದ ಮಟ್ಟಿಗೆ ಅದು ಇಂದಿಗೂ ಮೊದಲ ಮಾತೇ. ವಾರ್ಡಿನ ಕಿಟಕಿ ತೆರೆದಿದ್ದರೆ ರೋಗಿಗೂ ಒಳ್ಳೆಯದು, ದಾದಿಗೂ ಒಳ್ಳೆಯದು.

ಹಾಗೆಂದು ಕಾಯಿಲೆ ಬಿದ್ದವರೇ ಒಳ್ಳೆಯ ದಾದಿಯರಾಗುತ್ತಾರೆಂಬ ಮಾತನ್ನೂ ನಾನು ಒಪ್ಪೆ. ನೋವು ಕೆಲವರನ್ನು ಮೃದುವಾಗಿಸುತ್ತದೆ, ಕೆಲವರನ್ನು ಕಹಿಯಾಗಿಸುತ್ತದೆ. ನನ್ನ ಹೊಟ್ಟೆನೋವು ನಿಮ್ಮ ಹೊಟ್ಟೆನೋವನ್ನು ನನಗೆ ತಿಳಿಸುವುದಿಲ್ಲ. ಆದರೆ ಒಂದನ್ನು ಅದು ಕಲಿಸಬಲ್ಲದು: ಕರೆಗಂಟೆ ಒತ್ತಿ ಕಾಯುವವನ ಪಾಲಿಗೆ ಐದು ನಿಮಿಷ ಎಷ್ಟು ಉದ್ದವೆಂಬುದನ್ನು. ಕಲಿಯುವುದೂ ಬಿಡುವುದೂ ಅವರವರ ಮನಸ್ಸು.

ಮನ್ನಳ್ಳಿಯ ಜಿಲ್ಲೆಯಲ್ಲಿಯೇ ಬಸವಕಲ್ಯಾಣವಿದೆ. ಕಾಯಕವೆಂಬ ದೊಡ್ಡ ಮಾತಿಗೆ ಬೆಲೆ ತಂದ ಊರು ಅದು. ಆ ಮಾತಿನ ಒಳಗೇ ಕಾಯವಿದೆ. ಬಿದ್ದ ಅಕ್ಕಿ ಆಯ್ದು ಬದುಕುತ್ತಿದ್ದ ಆಯ್ದಕ್ಕಿ ಮಾರಯ್ಯ ಒಂದು ದಿನ ಹೆಚ್ಚು ತಂದಾಗ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಹೆಂಡತಿ ಲಕ್ಕಮ್ಮ ಕಳುಹಿಸಿದಳೆಂಬ ಕಥೆ ನಮಗೆಲ್ಲ ಗೊತ್ತು. ದುಡಿಮೆಗೂ ಒಂದು ಅಳತೆಯುಂಟೆಂದು ನಾನು ಆ ಕಥೆಯಿಂದ ತಿಳಿಯುತ್ತೇನೆ. ಜ್ವರದ ಮೈಯಿಂದ ಹಾಜರಿ ಹೆಕ್ಕುವುದು ಆ ಅಳತೆಯನ್ನು ಮೀರಿದ್ದು.

ಆ ಹುಡುಗಿ ಆರು ತಿಂಗಳ ಗುಳಿಗೆ ಮುಗಿಸಿದಳು. ಸೋಂಕು ಹರಡುವ ಭಯವಿಲ್ಲವೆಂದು ವೈದ್ಯರು ಹೇಳಿದ ಮೇಲೆ ವಾರ್ಡಿಗೂ ಮರಳಿದಳು. ಕಳೆದ ದಿನಗಳನ್ನು ರಜೆಗಳಲ್ಲಿ ತುಂಬುತ್ತಿದ್ದಾಳೆ. ರೋಗಿಗೆ "ಅವಸರ ಮಾಡಬೇಡಿ, ಗುಣವಾಗುತ್ತದೆ" ಎಂದು ದಿನಕ್ಕೆ ಹತ್ತು ಸಲ ಹೇಳಲು ಕಲಿಸುವ ಶಾಲೆ, ಅದೇ ಮಾತನ್ನು ತನ್ನ ವಿದ್ಯಾರ್ಥಿಗೆ ಒಂದು ಸಲ ಹೇಳಿದರೆ ಸಾಕು. ಹೇಳದಿದ್ದರೆ, ಕಾಯಿಲೆಯನ್ನು ಬಚ್ಚಿಡುವ ವಿದ್ಯೆಯೊಂದನ್ನು ಆ ಶಾಲೆ ತಿಳಿಯದೆಯೇ ಕಲಿಸಿದಂತಾಯಿತು.