ಬಿತ್ತಿನ ಋಣ

ಕಟಪಾಡಿಯಿಂದ ಪಡುವಣಕ್ಕೆ ಇಳಿದ ದಾರಿ ಕಡಲನ್ನು ಮುಟ್ಟುವಲ್ಲಿ, ಹೊಳೆಗೂ ಸಮುದ್ರಕ್ಕೂ ನಡುವೆ ಹಬ್ಬಿಕೊಂಡಿರುವ ಮಟ್ಟು ಎಂಬ ಸಣ್ಣ ಊರು, ತನ್ನ ಹೆಸರನ್ನು ಗುಳ್ಳವೆಂಬ ಒಂದು ಬದನೆಕಾಯಿಗೆ ಕೊಟ್ಟು, ಆ ಕಾಯಿಯ ದೆಸೆಯಿಂದಲೇ ತಾನೂ ಹೆಸರುವಾಸಿಯಾಗಿದೆ. ಮಳೆಗಾಲದ ಏಣೆಲು ಭತ್ತದ ಕೊಯ್ಲು ಮುಗಿದು ಕೂಳೆ ಒಣಗಿದ ಗದ್ದೆಯನ್ನು ಉತ್ತು, ಸಾಲು ಮಾಡಿ, ಎಳೆಯ ಸಸಿಗಳನ್ನು ನೆಟ್ಟು, ಬೆಳಗೂ ಬೈಗೂ ಎರಡು ಕೈಗಳಲ್ಲಿ ಎರಡು ಕೊಡಪಾನಗಳನ್ನು ತೂಗಿಸಿಕೊಂಡು ಬಂದು ಬುಡಬುಡಕ್ಕೆ ನೀರೆರೆದು ಬೆಳೆಸಿದ ಗುಳ್ಳದಲ್ಲಿ ಈ ಊರಿನ ಎಷ್ಟೋ ತಲೆಮಾರುಗಳ ಬದುಕು ಸಾಗಿದೆ. ತಿಳಿಹಸುರು ಮೈ, ಅದರ ಮೇಲೆ ಬಿಳಿಯ ಗೆರೆಗಳು, ಉಗುರಿಗೇ ಹರಿಯುವಂಥ ತೆಳುಸಿಪ್ಪೆ. ಆದರೆ ತೊಟ್ಟಿನ ತುಂಬ ಮುಳ್ಳು. ಬೋಳುಹುಳಿಯನ್ನು ಸುರಿದುಕೊಂಡು ಉಣ್ಣುವವರಿಗೆ ಆ ಮುಳ್ಳಿನ ಪರಿಚಯವಿರುವುದಿಲ್ಲ; ಕೊಯ್ಯುವವರ ಬೆರಳುಗಳಿಗಿದೆ.

ಈ ಬಿತ್ತನ್ನು ಸೋದೆ ಮಠದ ಶ್ರೀ ವಾದಿರಾಜತೀರ್ಥರು ಮಟ್ಟಿನವರಿಗೆ ಅನುಗ್ರಹಿಸಿದರೆಂಬುದು ಪ್ರತೀತಿ. ಹಯಗ್ರೀವ ದೇವರಿಗೆ ಅವರು ತಲೆಯ ಮೇಲೆ ಹೊತ್ತು ಅರ್ಪಿಸುತ್ತಿದ್ದ ಕಡಲೆಬೇಳೆಯ ಮಡ್ಡಿಯೆಂಬ ಸಿಹಿ ನೈವೇದ್ಯದಲ್ಲಿ ಯಾರೋ ವಿಷವಿಕ್ಕಿದರೆಂದೂ, ದೇವರು ಅದನ್ನು ಪೂರ್ತಿ ಸ್ವೀಕರಿಸಲು ಬಿಂಬವು ನೀಲವಾಯಿತೆಂದೂ, ಗುಳ್ಳದ ನೈವೇದ್ಯದಿಂದ ಆ ವಿಷವು ಇಳಿಯಿತೆಂದೂ ಕಥೆ. ಕಥೆಯ ಸತ್ಯಾಸತ್ಯತೆಯನ್ನು ಒರೆಗೆ ಹಚ್ಚುವುದು ನನ್ನ ಉದ್ದೇಶವಲ್ಲ. ಹಣ್ಣನ್ನಾಗಲಿ ಹೊನ್ನನ್ನಾಗಲಿ ಕೊಡದೆ ಗುರುಗಳು ಬಿತ್ತನ್ನೇ ಏಕೆ ಕೊಟ್ಟರು ಎಂಬುದೇ ನನ್ನನ್ನು ಬಹುಕಾಲದಿಂದ ಕಾಡಿದ ಪ್ರಶ್ನೆ. ಹಣ್ಣು ತಿಂದರೆ ಮುಗಿಯಿತು. ಬಿತ್ತಾದರೋ ಪಡೆದವನನ್ನು ದುಡಿಮೆಗೆ ಹಚ್ಚುತ್ತದೆ.

ಹರಿಯೊಬ್ಬನೇ ಸ್ವತಂತ್ರನು, ಉಳಿದುದೆಲ್ಲವೂ ಪರತಂತ್ರವು ಎಂಬುದು ವಾದಿರಾಜರ ಪರಂಪರೆಯ ಮೂಲಗುರು ಮಧ್ವಾಚಾರ್ಯರ ಸಿದ್ಧಾಂತ. ಹಾಗಾದರೆ ಬೆವರು ಸುರಿಸಿದವನದು ಏನು? ಜೀವನಿಗೂ ಕರ್ತೃತ್ವವುಂಟು, ಆದರೆ ಅದು ಕೊಡಲ್ಪಟ್ಟ ಕರ್ತೃತ್ವ ಎಂದು ಶಾಸ್ತ್ರವು ಉತ್ತರಿಸುತ್ತದೆ. ಪಾಠದಲ್ಲಿ ಈ ಮಾತು ನನಗೆ ಎಂದೂ ಪೂರ್ತಿಯಾಗಿ ದಕ್ಕಲಿಲ್ಲ. ಗದ್ದೆಯಂಚಿನಲ್ಲಿ ಕೊಂಚ ದಕ್ಕಿತು. "ಬಿತ್ತು ದೇವರದ್ದು ಮಾರಾಯ್ರೆ, ನೀರು ಹೊರುವುದು ಮಾತ್ರ ನಮ್ಮದು" ಎಂದು ಅಲ್ಲಿಯ ಬೆಳೆಗಾರರೊಬ್ಬರು ನಕ್ಕಾಗ, ಆ ನಗುವಿನಲ್ಲಿ ಭಕ್ತಿಯೆಷ್ಟು ತಕರಾರೆಷ್ಟು ಎಂದು ಬಿಡಿಸಿ ಹೇಳುವುದು ನನ್ನಿಂದಾಗಲಿಲ್ಲ.

ದುಡಿಮೆಯೇ ಪೂಜೆಯೆಂಬ ಮಾತನ್ನು ಕೈ ಒಣಗಿದವರು ಆಡಿದಾಗ ನನಗೆ ಸಂಶಯವಾಗುತ್ತದೆ. ಕಾಯಕದ ತತ್ತ್ವವನ್ನು ಸಾರಿದ ಶರಣರಲ್ಲಿ ನೇಯುವವರಿದ್ದರು, ಚಪ್ಪಲಿ ಹೊಲಿಯುವವರಿದ್ದರು. ಅವರಿಗೆ ಆ ಮಾತಿನ ಅಧಿಕಾರವಿತ್ತು. ಮಟ್ಟಿನಲ್ಲಿ ಯಾರೂ ನೀರೆರೆಯುವುದನ್ನು ಪೂಜೆಯೆನ್ನುವುದಿಲ್ಲ. ಕೆಲಸಕ್ಕೆ ಕೆಲಸವೆಂದೇ ಹೆಸರು. ಮೊದಲ ಫಸಲು ಪೇಟೆಗೆ ಹೋಗುವ ಮುನ್ನ ಉಡುಪಿಯ ಕೃಷ್ಣಮಠಕ್ಕೆ ಸಲ್ಲುತ್ತದೆ, ಅಲ್ಲಿಯ ಪೂಜಾಧಿಕಾರ ಕೈಬದಲಾಗುವ ಪರ್ಯಾಯದ ಹೊರೆಕಾಣಿಕೆಯಲ್ಲಿಯೂ ಗುಳ್ಳಕ್ಕೆ ಸ್ಥಾನವುಂಟು. ಅದು ಕೃತಜ್ಞತೆಯೆನ್ನುವುದಕ್ಕಿಂತ ಸಾಲದ ಕಂತೆಂದರೆ ಹೆಚ್ಚು ಸರಿ. ತೀರಿಸಿದವನ ಮನೆಯಲ್ಲಿಯೇ ಮರುವರ್ಷದ ಬಿತ್ತು ಇರುವುದರಿಂದ ಈ ಸಾಲ ಎಂದಿಗೂ ತೀರುವುದಿಲ್ಲ.

ಈಚಿನ ವ್ಯವಹಾರಗಳು ಈ ಋಣಕ್ಕೆ ಹೊಸ ಹೊಸ ಹಕ್ಕುದಾರರನ್ನು ತಂದಿವೆ. ಕುಲಾಂತರಿ ಬದನೆಯ ಪ್ರಯೋಗಕ್ಕೆ ಆಯ್ದ ಸ್ಥಳೀಯ ತಳಿಗಳಲ್ಲಿ ಉಡುಪಿಯ ಗುಳ್ಳವೂ ಒಂದಾಗಿತ್ತು. 2010ರ ಫೆಬ್ರವರಿಯಲ್ಲಿ ಕೇಂದ್ರದ ಪರಿಸರ ಸಚಿವರು ಕುಲಾಂತರಿ ಬದನೆಗೆ ತಡೆಯೊಡ್ಡಿದರು. 2011ರಲ್ಲಿ ಮಟ್ಟುಗುಳ್ಳಕ್ಕೆ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆಯಿತು. ಬೇರೆಡೆಯ ಗುಳ್ಳವನ್ನು ಮಟ್ಟಿನದೆಂದು ಮಾರುವವರಿರುವುದರಿಂದ, ಬೆಳೆಗಾರರು ಈಗ ಒಂದೊಂದು ಕಾಯಿಗೂ ಚೀಟಿ ಅಂಟಿಸುತ್ತಾರೆ. ಗುರುಪ್ರಸಾದಕ್ಕೆ ಗುರುತಿನ ಚೀಟಿ! ನಗು ಬರುತ್ತದೆ, ಆದರೆ ತಪ್ಪೆನ್ನಲಾರೆ. ಬೆವರಿಗೆ ಬೆಲೆ ಕೇಳುವುದು ದೇವರ ಸ್ವಾತಂತ್ರ್ಯಕ್ಕೆ ಕುಂದಲ್ಲ.

ಸಾಲಿನಲ್ಲಿ ಎಲ್ಲಕ್ಕಿಂತ ಚೆಲುವಾದ ಕಾಯೊಂದಿರುತ್ತದೆ. ಅದನ್ನು ಕೊಯ್ಯುವುದಿಲ್ಲ, ಮಠಕ್ಕೂ ಇಲ್ಲ, ಪೇಟೆಗೂ ಇಲ್ಲ, ಮನೆಯ ಹುಳಿಗೂ ಇಲ್ಲ. ಗಿಡದಲ್ಲಿಯೇ ಹಳದಿಗೆ ತಿರುಗಿ ಮೆತ್ತಗಾದ ಮೇಲೆ ಅದನ್ನು ಬಿಡಿಸಿ ತಂದು, ನೀರಿನಲ್ಲಿ ಕಿವುಚಿ, ತಳಕ್ಕಿಳಿದ ಬೀಜಗಳನ್ನು ಬಸಿದು, ಬೂದಿಯಲ್ಲಿ ಹೊರಳಿಸಿ ಒಣಗಿಸುತ್ತಾರೆ. ಅದರ ಮೇಲೆ ಚೀಟಿ ಇರುವುದಿಲ್ಲ.